ಹತ್ತು ತಲೆಯ ವಿಲನ್: ಅಮೃತಾಪುರದ ಕಲ್ಲಿನ ಕಾಮಿಕ್ಸ್ ಓದಿದ ಕಥೆ

ಈ ಸಲದ ಸಂಚಿಕೆಗೆ ‘ಕಾಮಿಕ್ಸ್ ಪಾತ್ರಗಳು’ ಅಂತ ವಿಷಯ ಕೊಟ್ಟಾಗ ನಾವು ಮೂವರೂ ಯೋಚನೆ ಕೂಡ ಮಾಡಲಿಲ್ಲ. ಜೋಕರ್ ಬಗ್ಗೆ ಬರೀತೀವಿ ಅಂತ ಹೆಸರು ಕೊಟ್ಟೆವು. ಮೂವರು ಅಂದ್ರೆ ಕಡೂರಿನವನೊಬ್ಬ, ತರೀಕೆರೆಯವನೊಬ್ಬ, ಅಜ್ಜಂಪುರದವನೊಬ್ಬ. ಮೂರೂ ಚಿಕ್ಕಮಗಳೂರು ಜಿಲ್ಲೆಯ ಊರುಗಳೇ. ಆದರೆ ಊರಿನ ಹೆಸರು ಹೇಳಿದ ತಕ್ಷಣ ಕ್ಲಾಸಲ್ಲಿ ಎಲ್ಲರೂ ‘ಓ, ಕಾಫಿ ತೋಟನಾ’ ಅಂತಾರಲ್ಲ, ಆ ಚಿಕ್ಕಮಗಳೂರು ನಮ್ಮದಲ್ಲ. ನಮ್ಮದು ತೆಂಗು, ಅಡಿಕೆ, ಈರುಳ್ಳಿಯ ಬಯಲು ಕಡೆ. ಓದಿದ್ದು ಮೂವರೂ ಇಂಗ್ಲಿಷ್ ಮೀಡಿಯಂ. ಹಾಗಾಗಿ ನಮ್ಮ ವಿಲನ್‌ಗಳೆಲ್ಲ ಇಂಗ್ಲಿಷಲ್ಲೇ ಮಾತಾಡ್ತಿದ್ದರು.

ರಜಕ್ಕೆ ತರೀಕೆರೆಯ ಮನೆಯಲ್ಲಿ ಸೇರಿ ಲೇಖನ ಬರೆಯೋಕೆ ಕೂತಿದ್ದೆವು. ಲ್ಯಾಪ್‌ಟಾಪಲ್ಲಿದ್ದ ಜೋಕರ್ ಮುಖ ನೋಡಿ ಅಜ್ಜಿ ಕೇಳಿದರು, “ಮುಖಕ್ಕೆ ಸುಣ್ಣ ಬಳ್ಕೊಂಡಿರೋ ಇವ್ನು ಯಾರ್ರೋ?” ನಾವು ವಿವರಿಸಿದೆವು. ಕೆಟ್ಟವನು, ಕಾಮಿಕ್ಸಿನವನು, ಚಿತ್ರಗಳಲ್ಲಿ ಕಥೆ ಹೇಳ್ತಾರೆ ಅಂತ. ಅದಕ್ಕೆ ಅವರು, “ಚಿತ್ರದಾಗೆ ಕಥೆ ಓದಾಕೆ ಅಷ್ಟು ದೂರ ಯಾಕೆ? ಅಮೃತಾಪುರದ ಗೋಡೆ ತುಂಬ ಅದೇ ಐತೆ. ರಾವಣನೂ ಅವ್ನೆ, ಹೋಗಿ ನೋಡ್ಕೊಂಡ್ ಬನ್ನಿ” ಅಂದರು.

ಹೋಗಿ ಬಂದೆವು. ಬಂದ ಮೇಲೆ ಲೇಖನದ ವಿಷಯವೇ ಬದಲಾಯ್ತು.

ಗೋಡೆ ಓದೋದು ಹೇಗೆ

ಅಮೃತಾಪುರ ತರೀಕೆರೆಯಿಂದ ಸುಮಾರು ಹತ್ತು ಕಿಲೋಮೀಟರ್. ಅಲ್ಲಿನ ಅಮೃತೇಶ್ವರ ದೇವಸ್ಥಾನ ಕಟ್ಟಿದ್ದು 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಕಟ್ಟಿಸಿದವನು ಅವನ ದಂಡನಾಯಕ ಅಮೃತೇಶ್ವರ. ಹೊಯ್ಸಳರ ಹೆಸರಾಂತ ಶಿಲ್ಪಿ ಮಲ್ಲಿತಮ್ಮ ತನ್ನ ಕೆಲಸ ಶುರು ಮಾಡಿದ್ದು ಇಲ್ಲೇ, ಒಳಮಂಟಪದ ಛಾವಣಿಗಳಲ್ಲಿ ಅಂತ ಹೇಳ್ತಾರೆ. ಅಂದ್ರೆ ಇದು ಅವನ ಮೊದಲ ಪ್ರಾಜೆಕ್ಟ್.

ನಮಗೆ ಬೇಕಾಗಿದ್ದು ಹೊರಗಡೆ ಇತ್ತು. ತೆರೆದ ಮಂಟಪದ ಸುತ್ತ ಇರೋ ಗಿಡ್ಡ ಗೋಡೆಯ ಮೇಲೆ ಒಟ್ಟು 140 ಫಲಕಗಳಿವೆ. ದಕ್ಷಿಣದ ಕಡೆ 70 ಫಲಕ ರಾಮಾಯಣ. ಉತ್ತರದ ಕಡೆ 25 ಫಲಕ ಕೃಷ್ಣನ ಕಥೆ, 45 ಫಲಕ ಮಹಾಭಾರತ. ಬೇರೆ ಎಷ್ಟೋ ಹೊಯ್ಸಳ ಗುಡಿಗಳಲ್ಲಿ ಇಂಥ ಕಥೆಗಳು ಸಣ್ಣ ಪಟ್ಟಿಯಲ್ಲಿರ್ತವೆ, ಬಗ್ಗಿ ಹುಡುಕಬೇಕು. ಇಲ್ಲಿನ ಫಲಕಗಳು ದೊಡ್ಡವು. ಒಂದೊಂದು ಫಲಕ ಕಾಮಿಕ್ಸಿನ ಒಂದೊಂದು ಚೌಕದ ಥರ. ಸಂಭಾಷಣೆಯ ಬಲೂನ್ ಒಂದೇ ಇಲ್ಲ.

ನಾವು ಮೊದಲು ಮಾಡಿದ ತಪ್ಪು ಹೇಳ್ತೀವಿ, ನೀವು ಮಾಡಬೇಡಿ. ದೇವಸ್ಥಾನ ಅಂದಮೇಲೆ ಪ್ರದಕ್ಷಿಣೆ ಹಾಕಿಕೊಂಡೇ ನೋಡೋಣ ಅಂತ ಹೊರಟೆವು. ದಕ್ಷಿಣದ ಗೋಡೆಯಲ್ಲಿ ಕಥೆ ತಲೆಬುಡ ಅರ್ಥ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಇಲ್ಲಿ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತೆ. ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ಉತ್ತರದ ಗೋಡೆ ಮಾತ್ರ ರೂಢಿಯಂತೆ ಪ್ರದಕ್ಷಿಣವಾಗಿದೆ. ಇದರ ಅರ್ಥ ಏನು ಅಂತ ನೋಟ್‌ಬುಕ್ಕಲ್ಲಿ ಒಂದು ಚೌಕ ಬರೆದು ನೋಡಿದೆವು. ಪ್ರದಕ್ಷಿಣೆ ಹಾಕುವಾಗ ಗುಡಿ ನಮ್ಮ ಬಲಕ್ಕಿರುತ್ತೆ. ಗೋಡೆ ಕಡೆ ತಿರುಗಿ ನಿಂತರೆ ನಾವು ಸಾಗ್ತಿರೋ ದಿಕ್ಕು ಎಡಗಡೆ. ಹಾಗಾದರೆ ಪ್ರದಕ್ಷಿಣವಾಗಿ ಕೆತ್ತಿದ ಕಥೆ ಬಲದಿಂದ ಎಡಕ್ಕೆ ಓದಬೇಕು, ಜಪಾನಿನ ಮಂಗಾ ಪುಸ್ತಕದ ಹಾಗೆ. ಅಪ್ರದಕ್ಷಿಣದ ರಾಮಾಯಣ ಎಡದಿಂದ ಬಲಕ್ಕೆ, ನಾವು ಕನ್ನಡ ಓದೋ ಹಾಗೇ. ಪ್ರದಕ್ಷಿಣೆ ಹಾಕುತ್ತ ಹೋದವರಿಗೆ ರಾಮಾಯಣದ ಕೊನೆ ಮೊದಲು ಸಿಗುತ್ತೆ. ನಾವು ವಿಲನ್‌ನ ಕಥೆಯನ್ನ ಹಿಂದಿನಿಂದ ಮುಂದಕ್ಕೆ ಓದಿದ್ದು ಹೀಗೆ.

ಪಾತ್ರ ಗುರುತಿಸೋಕೆ ಒಂದು ಸುಲಭ ಸೂತ್ರ: ಬಾಲ ಇದ್ರೆ ಕಪಿಸೇನೆ, ಬಿಲ್ಲಿದ್ದು ಕಿರೀಟ ಇಲ್ಲದಿದ್ರೆ ಹೆಚ್ಚಾಗಿ ವನವಾಸದ ರಾಮ ಲಕ್ಷ್ಮಣರು, ಒಂದಕ್ಕಿಂತ ಜಾಸ್ತಿ ತಲೆ ಇದ್ರೆ ರಾವಣ. ಅಮೆರಿಕದ ಕಾಮಿಕ್ಸಲ್ಲಿ ಹಸಿರು ಕೂದಲು, ಬಿಳಿ ಮುಖ ಮಾಡೋ ಕೆಲಸವನ್ನ ಇಲ್ಲಿ ಹತ್ತು ತಲೆ ಮಾಡುತ್ತೆ. ಮಾತಿಲ್ಲದ ಚಿತ್ರಕಥೆಯಲ್ಲಿ ವಿಲನ್ ದೂರದಿಂದಲೇ ಗೊತ್ತಾಗಬೇಕು.

ಇನ್ನೊಂದು ವಿಷಯ ಅಲ್ಲೇ ಹೊಳೆದಿದ್ದು. ಗುಡಿಯ ಒಳಗಿರೋದು ಶಿವ. ರಾವಣ ಶಿವಭಕ್ತ. ಇಲ್ಲಿ ಅವನು ಹೊರಗಿನ ಗೋಡೆ ಮೇಲೆ, ಅವನ ದೇವರು ಒಳಗೆ.

ಹುಟ್ಟು: ಮೊದಲು ಅವನ ಹೆಸರು ರಾವಣ ಅಲ್ಲ

ಕಾಮಿಕ್ಸ್ ಭಾಷೆಯಲ್ಲಿ ‘ಒರಿಜಿನ್ ಸ್ಟೋರಿ’ ಅಂತೀವಲ್ಲ, ರಾವಣನದ್ದು ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿದೆ. ಚಿಕ್ಕದಾಗಿ ಹೇಳ್ತೀವಿ.

ಲಂಕೆಯಲ್ಲಿ ಮೊದಲು ಇದ್ದವರು ಮಾಲ್ಯವಂತ, ಸುಮಾಲಿ, ಮಾಲಿ ಅನ್ನೋ ಅಣ್ಣತಮ್ಮಂದಿರು. ವಿಷ್ಣುವಿನ ಕೈಲಿ ಸೋತು ಪಾತಾಳ ಸೇರಿದರು. ಲಂಕೆ ಕುಬೇರನಿಗೆ ಹೋಯ್ತು. ಒಂದು ದಿನ ಸುಮಾಲಿ ಕುಬೇರ ಪುಷ್ಪಕ ವಿಮಾನದಲ್ಲಿ ಹೋಗೋದನ್ನ ನೋಡಿ, ಇಂಥ ಮಗ ನಮ್ಮ ವಂಶದಲ್ಲೂ ಹುಟ್ಟಬೇಕು ಅಂತ ತನ್ನ ಮಗಳು ಕೈಕಸಿಯನ್ನ ಕುಬೇರನ ತಂದೆ ವಿಶ್ರವಸ್ ಋಷಿಯ ಹತ್ತಿರವೇ ಕಳಿಸ್ತಾನೆ. ಅವಳು ಹೋಗಿದ್ದು ಕೆಟ್ಟ ಹೊತ್ತಲ್ಲಿ. ಹಾಗಾಗಿ ಮಕ್ಕಳು ಕ್ರೂರಿಗಳಾಗ್ತಾರೆ, ಕೊನೆಯವನು ಮಾತ್ರ ಧರ್ಮಾತ್ಮ ಅಂತಾನೆ ಋಷಿ. ಮೊದಲನೇ ಮಗನ ಹೆಸರು ದಶಗ್ರೀವ, ಹತ್ತು ಕತ್ತಿನವನು. ಕೊನೆಯವನು ವಿಭೀಷಣ. ನಡುವೆ ಕುಂಭಕರ್ಣ ಮತ್ತು ಶೂರ್ಪನಖಿ.

ಮುಂದೆ ಕುಬೇರ ತಂದೆಯನ್ನ ನೋಡೋಕೆ ಬಂದಾಗ ತಾಯಿ ಮಗನಿಗೆ ತೋರಿಸಿ ಹೇಳ್ತಾಳೆ: ನೋಡು, ನೀನೂ ಅವನ ಹಾಗಾಗು. ಈ ಜಾಗ ಓದಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಪಕ್ಕದ ಮನೆಯವನಿಗೆ ಎಷ್ಟು ಪರ್ಸೆಂಟೇಜ್ ಬಂದಿದೆ ನೋಡು’ ಅಂತ ಕೇಳಿಸಿಕೊಳ್ಳದೆ ಸಿಇಟಿ ಬರೆದವರು ನಮ್ಮ ಕಾಲೇಜಲ್ಲಿ ಯಾರಿದ್ದಾರೆ?

ದಶಗ್ರೀವ ತಪಸ್ಸಿಗೆ ಕೂರ್ತಾನೆ. ಸಾವಿರ ವರ್ಷಕ್ಕೆ ಒಂದರಂತೆ ತಲೆ ಕಡಿದು ಬೆಂಕಿಗೆ ಹಾಕ್ತಾನೆ. ಒಂಬತ್ತು ತಲೆ ಹೋಗಿ ಹತ್ತನೇದಕ್ಕೆ ಕೈ ಹಾಕಿದಾಗ ಬ್ರಹ್ಮ ಪ್ರತ್ಯಕ್ಷ. ವರ ಸಿಕ್ಕ ಮೇಲೆ ಅಣ್ಣನಿಂದ ಲಂಕೆ ಕಿತ್ತುಕೊಳ್ತಾನೆ, ಪುಷ್ಪಕ ಕಿತ್ತುಕೊಳ್ತಾನೆ. ಆಮೇಲೆ ಅಡ್ಡ ಬಂತು ಅಂತ ಕೈಲಾಸವನ್ನೇ ಎತ್ತೋಕೆ ಹೋಗ್ತಾನೆ. ಶಿವ ಕಾಲ್ಬೆರಳಲ್ಲಿ ಒತ್ತಿದಾಗ ಕೈ ಸಿಕ್ಕಿಕೊಂಡು, ಮೂರು ಲೋಕ ನಡುಗೋ ಹಾಗೆ ಕಿರುಚ್ತಾನೆ. ಆ ಕೂಗಿನಿಂದ ಬಂದ ಹೆಸರು ರಾವಣ. ಹೆಸರಿಟ್ಟವನು ಶಿವನೇ. ಈ ದೃಶ್ಯ ಹೊಯ್ಸಳ ಶಿಲ್ಪಿಗಳಿಗೆ ತುಂಬ ಇಷ್ಟ. ಹಳೇಬೀಡಿನಲ್ಲಿರೋದು ನೀವೆಲ್ಲ ಟ್ರಿಪ್ ಫೋಟೋಗಳಲ್ಲಿ ನೋಡೇ ಇರ್ತೀರಿ.

ಗುಣಗಳು: ಏನೆಲ್ಲ ಇತ್ತು, ಎಲ್ಲಿ ಬಿಟ್ಟುಹೋಯ್ತು

ರಾವಣನಿಗೆ ಏನೂ ಪುಕ್ಕಟೆ ಸಿಕ್ಕಿಲ್ಲ. ಶಕ್ತಿ ತಪಸ್ಸಿನಿಂದ ಬಂತು. ವೇದ ಓದಿದವನು. ಲಂಕೆಯನ್ನ ಹನುಮಂತನೇ ಬೆರಗಾಗೋ ಹಾಗೆ ಇಟ್ಟುಕೊಂಡಿದ್ದ. ಹನುಮಂತ ಸಭೆಯಲ್ಲಿ ಅವನನ್ನ ಮೊದಲ ಸಲ ನೋಡಿದಾಗ, ಎಂಥ ರೂಪ, ಎಂಥ ಧೈರ್ಯ, ಅಧರ್ಮ ಒಂದಿಲ್ಲದಿದ್ರೆ ದೇವಲೋಕಕ್ಕೂ ಒಡೆಯ ಆಗ್ತಿದ್ದ ಅಂತ ಅಂದ್ಕೊಳ್ತಾನೆ. ಶತ್ರುವಿನ ಬಾಯಲ್ಲಿ ಇಷ್ಟು ದೊಡ್ಡ ಸರ್ಟಿಫಿಕೇಟ್ ಜೋಕರ್‌ಗೆ ಸಿಕ್ಕಿಲ್ಲ.

ಎಡವಟ್ಟು ಆಗಿದ್ದು ವರದ ಪಟ್ಟಿಯಲ್ಲಿ. ಗರುಡ, ನಾಗ, ಯಕ್ಷ, ದೈತ್ಯ, ದಾನವ, ರಾಕ್ಷಸ, ದೇವ, ಇವರ್ಯಾರಿಂದಲೂ ಸಾವು ಬೇಡ ಅಂದ. ಮನುಷ್ಯರನ್ನ ಸೇರಿಸಲಿಲ್ಲ. ಮರೆತದ್ದಲ್ಲ, ಅವರು ಹುಲ್ಲಿಗೆ ಸಮ ಅಂತ ಬಿಟ್ಟದ್ದು. ಕೋಡ್ ಬರೆಯೋರಿಗೆ ಇದು ಅರ್ಥ ಆಗುತ್ತೆ. ಎಲ್ಲ ಕೇಸ್ ಚೆಕ್ ಮಾಡಿ, ‘ಈ ಇನ್‌ಪುಟ್ ಯಾರು ಕೊಡ್ತಾರೆ ಬಿಡು’ ಅಂತ ಬಿಟ್ಟಿದ್ದೇ ಡೆಮೋ ದಿನ ಕೈಕೊಡೋದು.

ಆದರೆ ನಮಗೆ ಮುಖ್ಯ ಅನ್ನಿಸಿದ್ದು ಇದಲ್ಲ. ಹತ್ತು ತಲೆ ಅಂದ್ರೆ ಇಪ್ಪತ್ತು ಕಿವಿ. ಆ ಕಿವಿಗೆ ಬಿದ್ದ ಬುದ್ಧಿಮಾತುಗಳನ್ನ ಒಂದೊಂದಾಗಿ ಬರೆದುಕೊಂಡೆವು:

1. ಮಾರೀಚ, ಮೊದಲನೇ ಸಲ. ಸೀತೆಯನ್ನ ಕದಿಯೋ ಯೋಚನೆ ಬೇಡ ಅಂದ. ರಾವಣ ಕೇಳಿದ, ಸುಮ್ಮನೆ ಲಂಕೆಗೆ ವಾಪಸ್ ಹೋದ. ಹೌದು, ಒಂದು ಸಲ ವಾಪಸ್ ಹೋಗಿದ್ದಾನೆ!
2. ಮಾರೀಚ, ಎರಡನೇ ಸಲ. ಈ ಸಲ ಬುದ್ಧಿ ಹೇಳಿದ್ದಕ್ಕೆ ‘ಬರದಿದ್ರೆ ನಿನ್ನನ್ನೇ ಕೊಲ್ತೀನಿ’ ಅಂದ.
3. ಸೀತೆ, ಅಶೋಕವನದಲ್ಲಿ. ರಾಮನ ಜೊತೆ ಸ್ನೇಹ ಮಾಡ್ಕೋ ಅಂತ ಅವಳೇ ಹೇಳ್ತಾಳೆ.
4. ಹನುಮಂತ, ತುಂಬಿದ ಸಭೆಯಲ್ಲಿ. ಉತ್ತರವಾಗಿ ಬಾಲಕ್ಕೆ ಬೆಂಕಿ.
5. ವಿಭೀಷಣ. ಬೈದು ಓಡಿಸಿದ.
6. ಕುಂಭಕರ್ಣ. ಮಾಡಿದ್ದು ತಪ್ಪು, ಮೊದಲೇ ನಮ್ಮನ್ನ ಕೇಳಬೇಕಿತ್ತು ಅಂತ ಬೈದ. ಆದರೂ ಅಣ್ಣನಿಗಾಗಿ ಯುದ್ಧಕ್ಕೆ ಹೋದ.
7. ಮಾಲ್ಯವಂತ, ಮನೆಯ ಹಿರಿಯ, ತಾಯಿಯ ದೊಡ್ಡಪ್ಪ.
8. ಅಂಗದ, ರಾಮನ ಕಡೆಯಿಂದ ಕೊನೆಯ ಸಂಧಾನ.

ಮುಂದಿನ ಎಷ್ಟೋ ರಾಮಾಯಣಗಳಲ್ಲಿ ಮಂಡೋದರಿಯೂ ಹೇಳ್ತಾಳೆ. ಎಂಟು ಬಾಗಿಲು ತೆರೆದಿದ್ದವು. ಮೊದಲನೇದರಲ್ಲಿ ಅವನೇ ಹೊರಗೆ ಬಂದ. ಉಳಿದದ್ದನ್ನ ಅವನೇ ಮುಚ್ಚಿದ.

ಜೋಕರ್ ಜೊತೆ ಇಟ್ಟು ನೋಡಿದರೆ

ಜೋಕರ್ ಹುಟ್ಟಿದ್ದು 1940ರ ‘ಬ್ಯಾಟ್‌ಮ್ಯಾನ್’ ಮೊದಲ ಸಂಚಿಕೆಯಲ್ಲಿ. ಬಿಲ್ ಫಿಂಗರ್, ಬಾಬ್ ಕೇನ್, ಜೆರ್ರಿ ರಾಬಿನ್ಸನ್ ಮೂವರ ಕೈ ಅದರಲ್ಲಿದೆ. ಯಾರ ಪಾಲು ಎಷ್ಟು ಅನ್ನೋದಕ್ಕೆ ಅವರಲ್ಲೇ ಜಗಳ ಇತ್ತು. ಆಗ ರಾಬಿನ್ಸನ್ ಹದಿನೆಂಟರ ಕಾಲೇಜು ಹುಡುಗ, ನಮ್ಮ ಜೂನಿಯರ್ ವಯಸ್ಸು. ಆ ನಗು 1928ರ ‘ದಿ ಮ್ಯಾನ್ ಹೂ ಲಾಫ್ಸ್’ ಅನ್ನೋ ಮೂಕಿ ಸಿನಿಮಾದಲ್ಲಿ ಕಾನ್ರಾಡ್ ವೀಟ್ ಹಾಕಿದ ವೇಷದಿಂದ ಬಂತು. ಮೊದಲ ಸಂಚಿಕೆಯಲ್ಲೇ ಅವನನ್ನ ಸಾಯಿಸೋದು ಅಂತಿತ್ತು. ಸಂಪಾದಕರು ಬೇಡ ಅಂದಿದ್ದಕ್ಕೆ ಬದುಕಿಕೊಂಡ.

ಮೊದಲ ಹತ್ತು ವರ್ಷ ಅವನಿಗೆ ಒರಿಜಿನ್ ಸ್ಟೋರಿಯೇ ಇರಲಿಲ್ಲ. 1951ರಲ್ಲಿ ರಾಸಾಯನಿಕದಲ್ಲಿ ಮುಳುಗಿ ಬಣ್ಣ ಬದಲಾದ ಕಳ್ಳ ಅಂತಾಯ್ತು. 1988ರಲ್ಲಿ ಅಲನ್ ಮೂರ್ ಬರೆದು ಬ್ರಯನ್ ಬೋಲಂಡ್ ಚಿತ್ರ ಬಿಡಿಸಿದ ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಸೋತ ಹಾಸ್ಯಗಾರ ಆದ, ಅದೂ ನಿಜವೋ ಸುಳ್ಳೋ ಅವನಿಗೇ ಗೊತ್ತಿಲ್ಲ. 2008ರ ಸಿನಿಮಾದಲ್ಲಿ ಹೀತ್ ಲೆಡ್ಜರ್ ತನ್ನ ಬಾಯಿಯ ಗಾಯಕ್ಕೆ ಎರಡು ಸಲ ಎರಡು ಕಥೆ ಹೇಳ್ತಾನೆ. 2019ರಲ್ಲಿ ಆರ್ಥರ್ ಫ್ಲೆಕ್ ಆದ.

‘ಕಿಲ್ಲಿಂಗ್ ಜೋಕ್’ನಲ್ಲಿ ಜೋಕರ್‌ನ ವಾದ ಏನಂದ್ರೆ, ಯಾವ ಒಳ್ಳೆಯವನೂ ಒಂದೇ ಒಂದು ಕೆಟ್ಟ ದಿನ ಬಂದರೆ ತನ್ನ ಥರಾನೇ ಆಗ್ತಾನೆ. ನಮ್ಮ ಹಾಸ್ಟೆಲಲ್ಲಿ ಇದು ಎಷ್ಟು ಜನರ ಸ್ಟೇಟಸ್ ಆಗಿದೆ, ನಿಮಗೆ ಗೊತ್ತು. ಆದರೆ ಅದೇ ಪುಸ್ತಕದಲ್ಲಿ ಅವನ ವಾದ ಸೋಲುತ್ತೆ ಅನ್ನೋದನ್ನ ಯಾರೂ ಸ್ಟೇಟಸ್ ಹಾಕಲ್ಲ. ಪೊಲೀಸ್ ಕಮಿಷನರ್ ಗಾರ್ಡನ್‌ಗೆ ಬಂದದ್ದು ಊಹಿಸೋಕೂ ಆಗದಂಥ ಕೆಟ್ಟ ದಿನ. ಆದ್ರೂ ಅವನು ಜೋಕರ್‌ನ ಕಾನೂನಿನ ಪ್ರಕಾರವೇ ಹಿಡೀಬೇಕು ಅಂತಾನೆ.

ನಮ್ಮ ಕಡೂರಿನವನ ತಾತ ಊರ ನಾಟಕದಲ್ಲಿ ರಾವಣನ ಪಾರ್ಟು ಮಾಡ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ರಾಗ ಕೊಟ್ಟರೆ ಈಗಲೂ ಎದ್ದು ನಿಲ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅವರ ತೆಂಗಿನ ಮರಗಳು ಕಣ್ಣೆದುರೇ ಸುಳಿ ಒಣಗಿ ಹೋದವು. ಕೊರೆಸಿದ ಬೋರ್‌ವೆಲ್‌ನಲ್ಲಿ ಧೂಳು ಬಂತು. ಕೆಟ್ಟ ದಿನ ಅಲ್ಲ, ಕೆಟ್ಟ ವರ್ಷಗಳು. ‘ಒಂದು ಕೆಟ್ಟ ದಿನ ಬಂದ್ರೆ ಯಾರು ಬೇಕಾದ್ರೂ ರಾವಣ ಆಗ್ತಾರಾ ತಾತ’ ಅಂತ ಫೋನಲ್ಲಿ ಕೇಳಿದೆವು. “ಹಂಗಿದ್ರೆ ನಮ್ಮ ತಾಲೂಕೆಲ್ಲ ರಾವಣ್ರೇ ಇರ್ಬೇಕಿತ್ತಲ್ಲೋ ಮಗಾ” ಅಂದರು.

ಕನ್ನಡದವರು ತಿದ್ದಿ ಬರೆದ ವಿಲನ್

ಅಮೆರಿಕದಲ್ಲಿ ಜೋಕರ್‌ನ ಮತ್ತೆ ಮತ್ತೆ ಬರೆದ ಹಾಗೆ ಕನ್ನಡದಲ್ಲೂ ಖಳನನ್ನ ಮತ್ತೆ ಮತ್ತೆ ಬರೆದಿದ್ದಾರೆ. ಅದೂ ಸಾವಿರ ವರ್ಷದಿಂದ.

‘ಅಭಿನವ ಪಂಪ’ ಅಂತ ಹೆಸರಾದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಜೈನ ರಾಮಾಯಣ. ಅದರಲ್ಲಿ ರಾವಣನಿಗೆ ಇರೋದು ಒಂದೇ ತಲೆ. ಜೈನ ಕಥೆಯ ಪ್ರಕಾರ ಮಗುವಾಗಿದ್ದಾಗ ಹಾಕಿಕೊಂಡ ಹಾರದ ಒಂಬತ್ತು ರತ್ನಗಳಲ್ಲಿ ಅವನ ಮುಖ ಪ್ರತಿಫಲಿಸಿ ಹತ್ತು ಮುಖ ಕಂಡವು, ಅದಕ್ಕೇ ದಶಮುಖ. ಹತ್ತು ತಲೆಯ ಸಮಸ್ಯೆಯನ್ನ ಆಪ್ಟಿಕ್ಸ್‌ನಲ್ಲಿ ಬಗೆಹರಿಸಿದ್ದಾರೆ! ಈ ರಾವಣ ಒಲ್ಲದ ಹೆಣ್ಣನ್ನ ಮುಟ್ಟೋದಿಲ್ಲ ಅಂತ ವ್ರತ ತೊಟ್ಟವನು. ಸೀತೆಯ ವಿಷಯದಲ್ಲಿ ಜಾರ್ತಾನೆ, ಕೊನೆಗೆ ಪಶ್ಚಾತ್ತಾಪ ಪಡ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಅಂತಾರೆ, ಯುದ್ಧ ಗೆದ್ದು ಆಮೇಲೆ ಒಪ್ಪಿಸ್ತೀನಿ ಅಂತ ಹೋಗಿ ಸಾಯ್ತಾನೆ. ತಪ್ಪು ಗೊತ್ತಾದ ಮೇಲೂ ಮರ್ಯಾದೆ ಅಡ್ಡ ಬಂತು.

ಅಮೃತಾಪುರಕ್ಕೇ ಸಂಬಂಧಪಟ್ಟ ಇನ್ನೊಬ್ಬ ಇದ್ದಾನೆ. ದೇವಸ್ಥಾನದ ಹತ್ತಿರ ನಿಂತಿರೋ ದೊಡ್ಡ ಶಾಸನದ ಪದ್ಯಗಳನ್ನ ಬರೆದವನು ಕವಿಚಕ್ರವರ್ತಿ ಜನ್ನ. ‘ಯಶೋಧರ ಚರಿತೆ’ಯ ಜನ್ನನೇ. ಅವನ ‘ಅನಂತನಾಥ ಪುರಾಣ’ದಲ್ಲಿ ಚಂಡಶಾಸನ ಅನ್ನೋ ರಾಜ ಬರ್ತಾನೆ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಹೋಗಿ, ಅವನ ಹೆಂಡತಿ ಸುನಂದೆಯನ್ನ ಹೊತ್ತೊಯ್ತಾನೆ. ಅವಳು ಒಪ್ಪೋದಿಲ್ಲ. ಗಂಡ ಸತ್ತ ಅಂತ ನಂಬಿಸೋಕೆ ಮಾಯೆಯ ತಲೆ ತೋರಿಸ್ತಾನೆ. ಅದನ್ನ ನೋಡಿ ಅವಳು ಪ್ರಾಣ ಬಿಡ್ತಾಳೆ. ಚಂಡಶಾಸನ ಅವಳ ಜೊತೆ ತಾನೂ ಚಿತೆ ಏರ್ತಾನೆ. ಅವನ ಸಂಕಟ ನೋಡಿ ಅಯ್ಯೋ ಅನ್ನಿಸುತ್ತೆ, ಆದರೆ ಅವನು ಮಾಡಿದ್ದು ಸರಿ ಅಂತ ಒಂದು ಕ್ಷಣವೂ ಅನ್ನಿಸಲ್ಲ. ಎರಡೂ ಒಟ್ಟಿಗೆ ಇರಬಹುದು ಅನ್ನೋದು ನಮಗೆ ಹೊಸದು.

ನಮ್ಮದೇ ಜಿಲ್ಲೆಯ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1949ರಲ್ಲಿ ‘ಶ್ರೀರಾಮಾಯಣ ದರ್ಶನಂ’ ಬರೆದಾಗ ರಾವಣನ ಮನಸ್ಸನ್ನೇ ಬದಲಾಯಿಸಿದರು. ಇನ್ನು ಕಾಗದದ ಕಾಮಿಕ್ಸ್ ವಿಷಯಕ್ಕೆ ಬಂದರೆ, ‘ಅಮರ ಚಿತ್ರ ಕಥೆ’ಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲೇ ಬಂದವು, ವಿದೇಶಿ ಕಥೆಗಳ ಅನುವಾದವಾಗಿ. ನಾವು ಮೂವರೂ ಚಿಕ್ಕವರಿದ್ದಾಗ ಅದನ್ನ ಓದಿದ್ದು ಇಂಗ್ಲಿಷಲ್ಲಿ. ಸ್ವಲ್ಪ ನಾಚಿಕೆ ಆಯ್ತು.

ನಮ್ಮ ಪಾಲಿನ ರಾವಣ

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಎಂಟು ಬುದ್ಧಿಮಾತಿನ ಪಟ್ಟಿ ಬರೆಯುವಾಗ ಮೂವರಿಗೂ ಒಂದೇ ವಿಷಯ ನೆನಪಾಗಿ ಯಾರೂ ಮಾತಾಡಲಿಲ್ಲ.

ಮೊದಲ ವರ್ಷದಲ್ಲಿ ನಮ್ಮ ಕಾರಿಡಾರಿನ ಹುಡುಗನೊಬ್ಬ ರಾತ್ರಿ ಸ್ಪೀಕರ್ ಹಾಕ್ತಾರೆ ಅಂತ ನಮ್ಮ ಮೇಲೆ ದೂರು ಕೊಟ್ಟ. ಅವತ್ತು ಇಂಟರ್ನಲ್ಸಿನ ಮಾರ್ಕ್ಸ್ ಬೇರೆ ಬಂದಿತ್ತು, ಮೂವರದ್ದೂ ಕೆಟ್ಟದಾಗಿತ್ತು. ಆ ಸಿಟ್ಟಲ್ಲಿ ಅವನ ಫೋಟೋಗೆ ಒಂಬತ್ತು ತಲೆ ಸೇರಿಸಿ ವಾಟ್ಸಾಪ್ ಸ್ಟಿಕ್ಕರ್ ಮಾಡಿದೆವು. ಒಂದೇ ವಾರದಲ್ಲಿ ಇಡೀ ಸೆಕ್ಷನ್‌ಗೆ ಹೋಯ್ತು. ಅವನ ಹೆಸರೇ ರಾವಣ ಅಂತಾಯ್ತು. ನಾವಿರೋ ಹೊತ್ತಲ್ಲಿ ಅವನು ಮೆಸ್ಸಿಗೆ ಬರೋದು ನಿಲ್ಲಿಸಿದ.

ಅವನ ರೂಮ್‌ಮೇಟ್ ಬಂದು ಸಾಕು ನಿಲ್ಸ್ರೋ ಅಂದ. ಸೀನಿಯರ್ ಅಕ್ಕ ಒಬ್ಬರು, ಇದು ತಮಾಷೆ ಅಲ್ಲ ಅಂದರು. ಅಜ್ಜಂಪುರದಲ್ಲಿ ಫೋನಲ್ಲಿ ಆ ಸ್ಟಿಕ್ಕರ್ ನೋಡಿದ ಅಮ್ಮ, “ಯಾರ ಮನೆ ಮಗನೋ ಅದು, ತೆಗೆದಾಕು” ಅಂದರು. ಮೂರು ಬಾಗಿಲು. ನಮ್ಮ ಹತ್ತಿರ ಇದ್ದ ಉತ್ತರ ಒಂದೇ: ಅವತ್ತು ನಮ್ಮ ದಿನ ಸರಿ ಇರಲಿಲ್ಲ. ವರ್ಷದ ಕೊನೆಗೆ ಅವನು ಹಾಸ್ಟೆಲ್ ಬಿಟ್ಟು ಪಿಜಿಗೆ ಹೋದ.

ಹತ್ತು ತಲೆ ಅಂಟಿಸಿದ್ದು ಅವನಿಗೆ. ಕೇಳಿಸಿಕೊಳ್ಳದ ಕಿವಿ ಮಾತ್ರ ನಮ್ಮದಾಗಿತ್ತು.

ರಜ ಮುಗಿಸಿ ಬಂದ ಮೇಲೆ ಅವನನ್ನ ಹುಡುಕಿಕೊಂಡು ಹೋದೆವು. ಕ್ಷಮೆ ಕೇಳಿದೆವು. “ಸರಿ ಬಿಡ್ರೋ” ಅಂದ, ಬಸ್ಸು ಬಂತು, ಹತ್ತಿ ಹೋದ. ಅವನು ಕ್ಷಮಿಸಿದನೋ ಇಲ್ವೋ ಹೇಳೋಕೆ ಆಗಲ್ಲ, ಅದು ಅವನಿಗೆ ಬಿಟ್ಟದ್ದು. ಈ ಲೇಖನವನ್ನ ಮೊದಲು ಅವನಿಗೇ ಓದೋಕೆ ಕೊಟ್ಟೆವು, ಹಾಕಬೇಡಿ ಅಂದರೆ ಹಾಕಲ್ಲ ಅಂತ ಹೇಳಿ. ಒಂದು ಕಾಗುಣಿತ ತಪ್ಪು ತಿದ್ದಿ ವಾಪಸ್ ಕೊಟ್ಟ. ನಿಮ್ಮ ಫೋನಲ್ಲಿ ಆ ಸ್ಟಿಕ್ಕರ್ ಇನ್ನೂ ಇದ್ರೆ ದಯವಿಟ್ಟು ಡಿಲೀಟ್ ಮಾಡಿ. ಕಳಿಸಿದ್ದು ನಾವೇ.

ಹೋಗುವವರಿಗೆ

ರೈಲಲ್ಲಿ ಬೆಂಗಳೂರು ಕಡೆಯಿಂದ ಬಂದರೆ ಕಡೂರು, ಬೀರೂರು ದಾಟಿದ ಮೇಲೆ ತರೀಕೆರೆ. ಅಲ್ಲಿಂದ ಅಮೃತಾಪುರಕ್ಕೆ ಬಸ್ಸೋ ಆಟೋವೋ ಕೇಳಿ. ಬೆಳಗ್ಗೆ ಅಥವಾ ಇಳಿಹೊತ್ತಲ್ಲಿ ಹೋಗಿ, ಓರೆ ಬಿಸಿಲಲ್ಲಿ ಕೆತ್ತನೆ ಚೆನ್ನಾಗಿ ಕಾಣುತ್ತೆ. ಮೊದಲು ಒಳಗೆ ಹೋಗಿ ಅಮೃತೇಶ್ವರನಿಗೆ ಕೈ ಮುಗಿದು ಬನ್ನಿ. ಆಮೇಲೆ ದಕ್ಷಿಣದ ಗೋಡೆಯ ಎಡತುದಿಯಲ್ಲಿ ನಿಂತು ಎಡದಿಂದ ಬಲಕ್ಕೆ ಓದಿ. ಎಪ್ಪತ್ತು ಚೌಕ ಇವೆ, ಗಡಿಬಿಡಿ ಮಾಡಬೇಡಿ.